ಎರಡು ವಿಲ್ಸನ್ ಗಾರ್ಡನ್

ಗ್ರಾಫ್ ಅಂದ ತಕ್ಷಣ ಹೈಸ್ಕೂಲಿನ ಗ್ರಾಫ್ ಶೀಟು, ಎಕ್ಸ್ ಅಕ್ಷ, ವೈ ಅಕ್ಷ ನೆನಪಾಗುವವರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಅದಲ್ಲ. ಇದು ಚುಕ್ಕಿ ರಂಗೋಲಿ. ಚುಕ್ಕಿಗೆ ನೋಡ್ ಅಂತಾರೆ, ಚುಕ್ಕಿಗಳನ್ನು ಕೂಡಿಸೋ ಗೆರೆಗೆ ಎಡ್ಜ್ ಅಂತಾರೆ. ಬಸ್ ಸ್ಟಾಪು ಚುಕ್ಕಿ, ಎರಡು ಸ್ಟಾಪಿನ ನಡುವೆ ಓಡೋ ಬಸ್ಸು ಗೆರೆ. ಫೇಸ್‌ಬುಕ್ಕಿನಲ್ಲಿ ನೀವೊಂದು ಚುಕ್ಕಿ, ನಿಮ್ಮ ಸ್ನೇಹ ಒಂದು ಗೆರೆ. ಮುಂದೆ ಓದೋಕೆ ಇಷ್ಟು ಸಾಕು.

ಇನ್ನು ಯೂನಿಟ್ ಟೆಸ್ಟ್. ಬರೆದ ಪ್ರೋಗ್ರಾಮಿನ ಒಂದು ಚಿಕ್ಕ ತುಂಡನ್ನು ಹಿಡಿದು, "ಹೀಗೆ ಕೇಳಿದರೆ ಹೀಗೆ ಹೇಳ್ತೀಯಾ?" ಅಂತ ಇನ್ನೊಂದು ಪ್ರೋಗ್ರಾಮಿನ ಕೈಯಲ್ಲಿ ಕೇಳಿಸೋದು. ಸರಿಯಾಗಿ ಹೇಳಿದರೆ ಹಸಿರು, ತಪ್ಪಿದರೆ ಕೆಂಪು. "ಈ ಗ್ರಾಫಿನಲ್ಲಿ ಇಂಥಾ ನೋಡ್ ಇದೆಯಾ?" ಅನ್ನೋದು ಇಂಥ ಪ್ರಶ್ನೆಗಳಲ್ಲೆಲ್ಲ ತೀರಾ ಅಂಗನವಾಡಿ ಮಟ್ಟದ್ದು. ಪೈಥಾನಿನಲ್ಲಿ ಗ್ರಾಫ್ ಅಂದರೆ ಎಷ್ಟೋ ಸಲ ಬರೀ ಒಂದು ಡಿಕ್ಷನರಿ. ಎಡಗಡೆ ನೋಡಿನ ಹೆಸರು, ಬಲಗಡೆ ಅದರ ಅಕ್ಕಪಕ್ಕದವರ ಪಟ್ಟಿ. ಇದೆಯಾ ಅಂತ ಕೇಳೋಕೆ 'ಇನ್' ಅನ್ನೋ ಪುಟ್ಟ ಪದ ಸಾಕು. ಒಂದೇ ಸಾಲು. ಆ ಒಂದು ಸಾಲು ನಮ್ಮ ನಾಲ್ಕು ಜನರ ಒಂದು ವಾರ ತಿಂದ ಕಥೆ ಇದು.

ನಾವು ನಾಲ್ವರೂ ಹಗಲು ಬೇರೆ ಬೇರೆ ಕಡೆ ಕೆಲಸ ಮಾಡೋರು. 2024ರಲ್ಲಿ ಸಂಜೆ ಹೊತ್ತು, ವಿಲ್ಸನ್ ಗಾರ್ಡನ್ನಿನ ನಮ್ಮ ಮನೆಯ ಕೆಳಗಿನ ರೂಮಿನಲ್ಲಿ ಕೂತು ಒಂದು ಚಿಕ್ಕ ಸೇವೆ ಕಟ್ಟೋಕೆ ಶುರು ಮಾಡಿದೆವು. ಫೋನಿನಿಂದ ಕನ್ನಡದಲ್ಲಿ ಎರಡು ಜಾಗದ ಹೆಸರು ಕಳಿಸಿದರೆ, ಎಲ್ಲಿ ಬಸ್ ಹತ್ತಬೇಕು, ಎಲ್ಲಿ ಇಳಿಯಬೇಕು, ಎಷ್ಟು ನಡೀಬೇಕು ಅಂತ ಕನ್ನಡದಲ್ಲೇ ಉತ್ತರ ಬರಬೇಕು. ಅಷ್ಟೇ. ಮ್ಯಾಪು ಗೀಪು ಏನೂ ಇಲ್ಲ.

ಯಾಕೆ ಬೇಕಿತ್ತು ಇದು ಅಂದ್ರೆ, ನಮ್ಮ ಏರಿಯಾ ಎಂಥದ್ದು ಅಂತ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ಒಂದು ಕಡೆ ಲಾಲ್‌ಬಾಗ್, ಒಂದು ಕಡೆ ಶಾಂತಿನಗರ ಬಸ್ ನಿಲ್ದಾಣ. ಹೊಸೂರು ರಸ್ತೆ ಹಿಡಿದು ಸ್ವಲ್ಪ ಮುಂದೆ ಹೋದರೆ ಕಿದ್ವಾಯಿ, ಅದರ ಹತ್ತಿರವೇ ನಿಮ್ಹಾನ್ಸ್. ರಫಿ ಅಹಮದ್ ಕಿದ್ವಾಯಿ ಹೆಸರಿನ ಈ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ. ಅವತ್ತಿನಿಂದಲೂ ಕರ್ನಾಟಕದ ಮೂಲೆ ಮೂಲೆಯಿಂದ ಜನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ರಿಪೋರ್ಟು ಹಿಡಿದುಕೊಂಡು ಬರ್ತಾ ಇದ್ದಾರೆ. ಬೆಳಗ್ಗೆ ತರಕಾರಿ ತರೋಕೆ ಹೋದರೆ ಕನಿಷ್ಠ ಒಬ್ಬರಾದರೂ "ಅಮ್ಮಾ, ಕಿದ್ವಾಯಿಗೆ ಹೆಂಗೆ ಹೋಗೋದು?" ಅಂತ ಕೇಳ್ತಾರೆ. ಸ್ಮಾರ್ಟ್‌ಫೋನ್ ಅವರ ಕೈಯಲ್ಲೂ ಇರುತ್ತೆ. ಆದರೆ ಅದರಲ್ಲಿರೋ ನಕ್ಷೆಯ ನೀಲಿ ಗೆರೆ ಹಿಡಿದು ನಡೆಯೋ ಅಭ್ಯಾಸ ಎಲ್ಲರಿಗೂ ಇರಲ್ಲ.

ಬಿಎಂಟಿಸಿಯ ಕೇಂದ್ರ ಕಚೇರಿ ಇರೋದು ಇಲ್ಲೇ ಶಾಂತಿನಗರದ ಕೆ.ಎಚ್. ರಸ್ತೆಯಲ್ಲಿ. ಆದರೂ ನಮ್ಮ ಮೊದಲ ಗ್ರಾಫಿಗೆ ನಾವು ಯಾರ ಡೇಟಾನೂ ಕೇಳಲಿಲ್ಲ. ನಡೆದುಕೊಂಡು ಹೋಗಿ, ಸ್ಟಾಪುಗಳ ಹೆಸರು ನಾವೇ ಟೈಪ್ ಮಾಡಿಕೊಂಡು ಬಂದೆವು. ಒಬ್ಬರು ಫೋನಿನಲ್ಲಿ, ಒಬ್ಬರು ಲ್ಯಾಪ್‌ಟಾಪಿನಲ್ಲಿ. ಅರವತ್ತು ಚಿಲ್ಲರೆ ನೋಡ್. ಪೈಥಾನಿನಲ್ಲಿ ಗ್ರಾಫ್ ಕೆಲಸಕ್ಕೆ ನೆಟ್‌ವರ್ಕ್‌ಎಕ್ಸ್ ಅಂತ ಒಂದು ಲೈಬ್ರರಿ ಇದೆ, ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅದನ್ನೇ ಬಳಸಿದೆವು. ನಮ್ಮಲ್ಲಿ ಚಿಕ್ಕವನಾದ ಹಾಸನದ ಹುಡುಗ ಟೆಸ್ಟ್ ಬರೆಯೋ ಜವಾಬ್ದಾರಿ ತಗೊಂಡ. ಎರಡೇ ದಿನಕ್ಕೆ "ಅಕ್ಕಾ, ಎಲ್ಲಾ ಹಸಿರು!" ಅಂತ ಬಂದು ನಿಂತ.

ಪರಿಚಯದ ಕೆಲವರಿಗೆ ನಂಬರ್ ಕೊಟ್ಟೆವು. ಹಾಗೆ ಕೈಯಿಂದ ಕೈಗೆ ಹೋಗಿ ಅದು ಚಳ್ಳಕೆರೆ ಕಡೆಯ ಒಬ್ಬರಿಗೆ ಸಿಕ್ಕಿತ್ತು. ತಾಯಿಯನ್ನು ಕರೆದುಕೊಂಡು ರಾತ್ರಿ ಬಸ್ಸಿಗೆ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿದು, ಯಾರೋ ಹೇಳಿದರು ಅಂತ ಸಿಟಿ ಬಸ್ಸಿನಲ್ಲಿ ಶಾಂತಿನಗರಕ್ಕೆ ಬಂದಿದ್ದರು. ಅಲ್ಲಿಂದ "ಶಾಂತಿನಗರ, ಕಿದ್ವಾಯಿ" ಅಂತ ಕಳಿಸಿದ್ದಾರೆ. ನಮ್ಮ ಯಂತ್ರ "ದಾರಿ ಇಲ್ಲ" ಅಂದಿದೆ. ಎರಡು ಮೂರು ಕಿಲೋಮೀಟರ್ ದೂರ, ಅಷ್ಟೇ. ಉತ್ತರದ ಕೆಳಗೆ ನನ್ನ ನಂಬರ್ ಇತ್ತು. ಬೆಳಗ್ಗೆ ಏಳೂಕಾಲಿಗೆ ಫೋನು.

"ಮೇಡಂ, ದಾರಿ ಇಲ್ಲ ಅಂತ ಬಂತು. ಆಸ್ಪತ್ರೆ ಈಗ ಇಲ್ಲಿಲ್ವಾ? ಬೇರೆ ಕಡೆ ಹೋಗೈತಾ?"

ಆ ಪ್ರಶ್ನೆ ಕೇಳಿ ನನ್ನ ನಿದ್ದೆ ಹಾರಿಹೋಯ್ತು. ನಮಗೆ ಅದು ಒಂದು ಎರರ್ ಮೆಸೇಜು. ಅವರಿಗೆ ಅದು ಸುದ್ದಿ. ಆಸ್ಪತ್ರೆ ಅಲ್ಲೇ ಇದೆ ಅಂದೆ, ಆಟೋ ಹತ್ತಿಸಿಕೊಂಡು ಹೋಗಿ, ಬೇಗ ಹೋದಷ್ಟೂ ಒಳ್ಳೇದು, ಚೀಟಿ ಮಾಡಿಸೋಕೆ ಸಾಲು ಇರುತ್ತೆ ಅಂದೆ. ಹೋದರು. ಮಧ್ಯಾಹ್ನ ಇನ್ನೊಂದು ಸಲ ಫೋನ್ ಮಾಡಿ ಡಾಕ್ಟರ್ ನೋಡಿದರು ಅಂತಾನೂ ಹೇಳಿದರು, ಆ ಮನುಷ್ಯ.

ಸಂಜೆ ಕೂತು ನೋಡಿದರೆ, ಟೆಸ್ಟುಗಳೆಲ್ಲ ಇನ್ನೂ ಹಸಿರಾಗೇ ಇವೆ. ಶಾಂತಿನಗರ ಇದೆಯಾ? ಇದೆ. ಕಿದ್ವಾಯಿ ಇದೆಯಾ? ಇದೆ. ನಡುವಿನ ವಿಲ್ಸನ್ ಗಾರ್ಡನ್? ಅದೂ ಇದೆ.

ಮೊದಲ ಅನುಮಾನ ಟೆಸ್ಟಿನ ಮೇಲೇ ಬಂತು. ಯಾಕಂದ್ರೆ ಪೈಥಾನಿನಲ್ಲಿ ಯಾವತ್ತೂ ಪಾಸಾಗೋ ಟೆಸ್ಟ್ ಬರೆಯೋದು ಭಾರೀ ಸುಲಭ. 2001ರಲ್ಲಿ ಬಂದ ಪೈಥಾನ್ 2.1ರಿಂದಲೂ ಅದರ ಜೊತೆಗೇ ಯೂನಿಟ್‌ಟೆಸ್ಟ್ ಅನ್ನೋ ಮಾಡ್ಯೂಲ್ ಬರುತ್ತೆ. ಅದರಲ್ಲಿ ಅಸರ್ಟ್‌ಟ್ರೂ ಅಂತ ಒಂದು ವಿಧಾನ ಇದೆ. ಕೊಟ್ಟಿದ್ದು ನಿಜವೋ ಅಂತ ನೋಡುತ್ತೆ. ಅದಕ್ಕೆ "ಕಿದ್ವಾಯಿ" ಅಂತ ಒಂದು, ಗ್ರಾಫ್ ಅಂತ ಒಂದು, ಎರಡನ್ನೂ ಅಲ್ಪವಿರಾಮ ಹಾಕಿ ಕೊಟ್ಟರೆ ಏನಾಗುತ್ತೆ ಗೊತ್ತಾ? ಗ್ರಾಫಿನಲ್ಲಿ ಕಿದ್ವಾಯಿ ಇದೆಯಾ ಅಂತ ಅದು ನೋಡೋದೇ ಇಲ್ಲ. "ಕಿದ್ವಾಯಿ" ಅನ್ನೋದು ಖಾಲಿ ಸ್ಟ್ರಿಂಗ್ ಅಲ್ಲ, ಹಾಗಾಗಿ ನಿಜ, ಪಾಸ್! ಎರಡನೇದನ್ನು ಫೇಲಾದರೆ ತೋರಿಸೋ ಸಂದೇಶ ಅಂದುಕೊಂಡು ಜೇಬಿಗೆ ಹಾಕಿಕೊಳ್ಳುತ್ತೆ. ಇನ್ನೊಂದು ಅವತಾರ, ಹ್ಯಾಸ್‌ನೋಡ್ ಅನ್ನೋ ವಿಧಾನವನ್ನು ಕರೆಯದೆ ಬರೀ ಅದರ ಹೆಸರು ಕೊಡೋದು. ಆವರಣ ಚಿಹ್ನೆ ಮರೆತರೆ ಮುಗೀತು. ವಿಧಾನ ಅನ್ನೋ ವಸ್ತು ಇದೆ, ಆದ್ದರಿಂದ ನಿಜ. ಅಂಥ ಟೆಸ್ಟು ಕೆಲವು ಮದುವೆ ಮನೆ ಹಿರಿಯರ ಹಾಗೆ, ಏನು ಕೇಳಿದರೂ "ಆಯ್ತು ಆಯ್ತು" ಅಂತಾರೆ.

ಸರಿಯಾಗಿ ಬರೆದಾಗಲೂ ಅಸರ್ಟ್‌ಟ್ರೂ ನನಗೆ ಇಷ್ಟ ಇಲ್ಲ. ಫೇಲಾದಾಗ ಅದು ಹೇಳೋದು "ಫಾಲ್ಸ್ ಈಸ್ ನಾಟ್ ಟ್ರೂ" ಅಂತ. ಅಸತ್ಯವು ಸತ್ಯವಲ್ಲ! ಮಠದ ಪ್ರವಚನಕ್ಕೆ ಚೆನ್ನಾಗಿರುತ್ತೆ, ರಾತ್ರಿ ಹನ್ನೊಂದು ಗಂಟೆಗೆ ಬಗ್ ಹುಡುಕೋರಿಗೆ ಉಪಯೋಗ ಇಲ್ಲ. ಅದರ ಬದಲು ಅಸರ್ಟ್‌ಇನ್ ಬಳಸಿದರೆ, ಹುಡುಕಿದ್ದು ಇಂಥ ಹೆಸರು, ಸಿಗದೇ ಇದ್ದದ್ದು ಇಂಥದರಲ್ಲಿ ಅಂತ ಎರಡನ್ನೂ ತೋರಿಸುತ್ತೆ.

ಹುಡುಗನ ಟೆಸ್ಟು ಮಾತ್ರ ಚೊಕ್ಕವಾಗಿತ್ತು. ಅಸರ್ಟ್‌ಇನ್ನನ್ನೇ ಬಳಸಿದ್ದ. ಅಷ್ಟೇ ಅಲ್ಲ, ಇಲ್ಲದ್ದನ್ನೂ ಕೇಳಿದ್ದ. "ಹಸ್ತಿನಾಪುರ" ಗ್ರಾಫಿನಲ್ಲಿ ಇರಬಾರದು ಅಂತ ಒಂದು ಟೆಸ್ಟು. ನನ್ನ ಪ್ರಕಾರ ಇದೆಯಾ ಅನ್ನೋ ಟೆಸ್ಟಿಗಿಂತ ಇಲ್ಲ ತಾನೇ ಅನ್ನೋ ಟೆಸ್ಟೇ ಹೆಚ್ಚು ಕೆಲಸದ್ದು. ಬರೀ "ಹೌದು" ಅನ್ನೋಕಷ್ಟೇ ಬರೋ ಪ್ರೋಗ್ರಾಮು ಅಲ್ಲಿ ಸಿಕ್ಕಿಬೀಳುತ್ತೆ.

ಇಲ್ಲೊಂದು ಚಂದದ ಗುಂಡಿ ಇದೆ, ನಾವು ಬೀಳಲಿಲ್ಲ, ಆದರೂ ಹೇಳಲೇಬೇಕು. ಸ್ವಂತವಾಗಿ ಗ್ರಾಫ್ ಬರೆಯೋರು ಡಿಕ್ಷನರಿ ಬದಲು ಡಿಫಾಲ್ಟ್‌ಡಿಕ್ಟ್ ಬಳಸ್ತಾರೆ. ಅದರ ಸ್ವಭಾವ ಏನಂದ್ರೆ, ಚೌಕ ಆವರಣ ಹಾಕಿ ಯಾವ ಹೆಸರು ಕೇಳಿದರೂ ಇಲ್ಲ ಅನ್ನಲ್ಲ. ಇಲ್ಲದಿದ್ದರೆ ಅಲ್ಲೇ ಹುಟ್ಟಿಸಿ ಕೊಡುತ್ತೆ. ಅಂದರೆ ಹಸ್ತಿನಾಪುರಕ್ಕೆ ಅಕ್ಕಪಕ್ಕ ಯಾರಿದ್ದಾರೆ ಅಂತ ಕೇಳಿದ ಕ್ಷಣವೇ ವಿಲ್ಸನ್ ಗಾರ್ಡನ್ ಪಕ್ಕ ಎಲ್ಲೋ ಹಸ್ತಿನಾಪುರ ಎದ್ದು ನಿಲ್ಲುತ್ತೆ! ಮುಂದಿನ ಟೆಸ್ಟು ಬಂದು 'ಇನ್' ಅಂತ ಕೇಳಿದರೆ "ಓ, ಇದೆಯಲ್ಲ" ಅನ್ನುತ್ತೆ. 'ಇನ್' ಅಥವಾ 'ಗೆಟ್' ಬಳಸಿ ಕೇಳಿದರೆ ಈ ಪವಾಡ ನಡೆಯಲ್ಲ. ಅದಕ್ಕೇ ಪ್ರತಿ ಟೆಸ್ಟಿಗೂ ಹೊಸ ಗ್ರಾಫ್ ಕಟ್ಟಿಕೊಡಬೇಕು, ಕೇಳೋ ಮುಂಚೆ ಎಷ್ಟು ನೋಡ್ ಇತ್ತೋ ಕೇಳಿದ ಮೇಲೂ ಅಷ್ಟೇ ಇದೆಯಾ ಅಂತ ಎಣಿಸಬೇಕು.

ನಮ್ಮ ತೊಂದರೆ ಬೇರೆ ಕಡೆ ಇತ್ತು. ರಂಗೋಲಿಯಲ್ಲಿ ನಮ್ಮಜ್ಜಿ ಚುಕ್ಕಿ ಇಡದೆ ಗೆರೆ ಎಳೆದವರೇ ಅಲ್ಲ. ನೆಟ್‌ವರ್ಕ್‌ಎಕ್ಸ್ ಹಾಗಲ್ಲ. "ಇಲ್ಲಿಂದ ಅಲ್ಲಿಗೆ ಗೆರೆ" ಅಂದರೆ ಸಾಕು, ಎರಡು ತುದಿಯಲ್ಲಿ ಚುಕ್ಕಿ ಇಲ್ಲದಿದ್ದರೆ ತಾನೇ ಇಟ್ಟುಬಿಡುತ್ತೆ. ಉಪಕಾರವೇ, ಬೇಡ ಅನ್ನಲ್ಲ. ಆದರೆ ಹೆಸರಿನಲ್ಲಿ ಒಂದಕ್ಷರ ಆಚೀಚೆ ಆದರೂ ತುಟಿ ಪಿಟಕ್ ಅನ್ನದೆ ಹೊಸ ಚುಕ್ಕಿ ಇಟ್ಟು, ಗೆರೆಯನ್ನು ಅದಕ್ಕೇ ಕಟ್ಟುತ್ತೆ.

ಹುಡುಗ ನೋಡುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಪರದೆ ಮೇಲೆ ಹಾಕಿದ. ಅದರಲ್ಲಿ ವಿಲ್ಸನ್ ಗಾರ್ಡನ್ ಎರಡು ಸಲ. ಒಂದರ ಕೆಳಗೊಂದು, ಅವಳಿ ಮಕ್ಕಳ ಹಾಗೆ, ಒಂದು ಒತ್ತು, ಒಂದು ದೀರ್ಘ ಹೆಚ್ಚಿಲ್ಲ ಕಡಿಮೆ ಇಲ್ಲ. ಮೊದಲನೆಯದಕ್ಕೆ ಶಾಂತಿನಗರದಿಂದ ಗೆರೆ ಬರುತ್ತೆ. ಎರಡನೆಯದರಿಂದ ಕಿದ್ವಾಯಿಗೆ ಗೆರೆ ಹೋಗುತ್ತೆ. ನಡುವೆ ಏನೂ ಇಲ್ಲ. ಅಷ್ಟು ಚಿಕ್ಕ ಗ್ರಾಫಿನಲ್ಲಿ ಬೇರೆ ಸುತ್ತುದಾರಿಯೂ ಇರಲಿಲ್ಲ. ನಾವು ಕೂತಿದ್ದ ಬಡಾವಣೆಯೇ ಎರಡು ಹೋಳಾಗಿತ್ತು.

"ಎರಡೂ ಒಂದೇ ಅಲ್ವಾ ಅಕ್ಕ?"

"ಲೆನ್ ಹಾಕಿ ನೋಡೋ."

ಉದ್ದ ಅಳೆದ. ಒಂದು 15, ಇನ್ನೊಂದು 16. ಗೊತ್ತಿಲ್ಲದವರಿಗೆ: ಕಂಪ್ಯೂಟರ್ ಪ್ರಕಾರ ಕಾಗುಣಿತದ ಗುರುತು, ಅರ್ಧಾಕ್ಷರದ ಕೊಂಬು ಎಲ್ಲಾ ಬೇರೆ ಬೇರೆ ಅಕ್ಷರಗಳು. "ವಿಲ್ಸನ್" ಏಳು, ನಡುವಿನ ಖಾಲಿ ಜಾಗ ಒಂದು, "ಗಾರ್ಡನ್" ಏಳು. ಒಟ್ಟು 15. ಹಾಗಾದರೆ ಆ ಹದಿನಾರನೆಯವನು ಯಾರು?

ಕನ್ನಡ ಟೈಪ್ ಮಾಡೋ ನೀವೆಲ್ಲ ಅವನನ್ನು ದಿನಾ ಬಳಸ್ತೀರಿ, ನೋಡಿಲ್ಲ ಅಷ್ಟೇ. ಯೂನಿಕೋಡಿನಲ್ಲಿ ಅವನ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಅಗಲ ಸೊನ್ನೆ, ಕೆಲಸ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳೋದು. ಅವನಿಲ್ಲದೆ ಹೋದರೆ "ರಾಜ್‌ಕುಮಾರ್" ಅಂತ ಬರೆಯೋಕೆ ಹೋದದ್ದು "ರಾಜ್ಕುಮಾರ್" ಆಗುತ್ತೆ, "ಲಾಲ್‌ಬಾಗ್" ಹೋಗಿ "ಲಾಲ್ಬಾಗ್" ಆಗುತ್ತೆ. ಕನ್ನಡಕ್ಕೆ ಬೇಕೇ ಬೇಕಾದ ಆಸಾಮಿ. ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರದ ನಂತರವೂ ಅವನನ್ನು ಕೂರಿಸ್ತಾವೆ. ಅಲ್ಲಿ ಅವನಿಗೆ ಮಾಡೋಕೆ ಏನೂ ಕೆಲಸ ಇಲ್ಲ, ಸುಮ್ಮನೆ ಕೂತಿರ್ತಾನೆ. ನಮ್ಮ "ಗಾರ್ಡನ್‌" ಕೊನೆಯಲ್ಲಿ ಕೂತಿದ್ದು ಅವನೇ. ಫೋನಿನಲ್ಲಿ ಟೈಪ್ ಮಾಡಿದ್ದರಲ್ಲಿ ಒಂದು ಥರ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಥರ. ಯಾರು ಯಾವುದನ್ನು ಹೊಡೆದದ್ದು ಅಂತ ನಾವು ಹುಡುಕೋಕೆ ಹೋಗಲಿಲ್ಲ, ಇಬ್ಬರೂ ಟೈಪ್ ಮಾಡಿದ್ದು ಸರಿಯಾದ ಕನ್ನಡವನ್ನೇ.

ಪೈಥಾನಿಗೆ ಸ್ಟ್ರಿಂಗ್ ಅಂದರೆ ಈ ಸಂಕೇತಗಳ ಸಾಲು. ಒಂದು ಸಂಕೇತ ಹೆಚ್ಚಿದ್ದರೆ ಬೇರೆ ಸ್ಟ್ರಿಂಗು, ಬೇರೆ ಕೀಲಿ, ಬೇರೆ ನೋಡು. ಹುಡುಗನ ಟೆಸ್ಟು ಕೇಳಿದ್ದು 15ರ ವಿಲ್ಸನ್ ಗಾರ್ಡನ್ ಇದೆಯಾ ಅಂತ. ಇತ್ತು, ಹಸಿರು. ಹೆಸರಿಗೆ ಇದೆ ಅಂತೀವಲ್ಲ, ಹಾಗೆ.

ಇದೊಂದೇ ಅಲ್ಲ. ಹೊಸೂರು ರಸ್ತೆಯ "ಹೊ" ತಗೊಳ್ಳಿ. ಅದರ ಒತ್ವವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನೂ ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಪಕ್ಕದ ಹೊಂಬೇಗೌಡ ನಗರದಲ್ಲಿ "ಹೊ"ಗೂ ಈ ಕಾಟ, "ಬೇ"ಗೂ ಈ ಕಾಟ. ಇವಕ್ಕೆ ಮದ್ದಿದೆ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಅಂತ ಇದೆ, ಎನ್‌ಎಫ್‌ಸಿ ರೂಪಕ್ಕೆ ತಂದುಕೊಡು ಅಂದರೆ ಎರಡನ್ನೂ ಒಂದೇ ಮಾಡುತ್ತೆ. ಆದರೆ ನಮ್ಮ ಸೊನ್ನೆ ಅಗಲದವನನ್ನು ಅದು ಮುಟ್ಟಲ್ಲ. ಅವನನ್ನು ನಾವೇ ತೆಗೀಬೇಕು.

ತೆಗೆದುಬಿಡೋಣ ಅಂತ ಹುಡುಗ ಎದ್ದ. ಅಲ್ಲೇ ಒಂದು ಜಗಳ ಆಯ್ತು. ಎಲ್ಲಾ ಹೆಸರಿಂದಲೂ ಕಿತ್ತು ಹಾಕಿದರೆ ಚಳ್ಳಕೆರೆಯ ಆ ಮನುಷ್ಯನ ಫೋನಿಗೆ "ಲಾಲ್ಬಾಗ್" ಅಂತ ಹೋಗುತ್ತೆ. ಓದೋಕಾಗುತ್ತೆ, ನಿಜ. ಆದರೆ ಬೋರ್ಡಿನಲ್ಲಿ ಹಾಗಿರಲ್ಲ. ಊರಿಗೆ ಹೊಸಬರಾದವರು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡ್ತಾರೆ. ಕೊನೆಗೆ ಒಂದು ನೋಡಿಗೆ ಎರಡು ಹೆಸರು ಇಟ್ಟೆವು. ಯಂತ್ರಕ್ಕೆ ಸೋಸಿದ ಕೀಲಿ, ಮನುಷ್ಯರಿಗೆ ಸರಿಯಾದ ಬರಹ. ಗ್ರಾಫಿಗೆ ಒಳಗೆ ಹೋಗೋದಾಗಲಿ, ಗ್ರಾಫನ್ನು ಕೇಳೋದಾಗಲಿ, ಸೋಸೋ ಬಾಗಿಲು ಒಂದೇ. ಹಿತ್ತಿಲ ಬಾಗಿಲು ಇಲ್ಲ. ಟೆಸ್ಟನ್ನು ಮೊದಲು ಬರೆದು, ಅದು ಕೆಂಪಾಗಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಬಾಗಿಲು ಕಟ್ಟಿದೆವು. 15ರ ಹೆಸರಲ್ಲಿ ಕೇಳಿದರೂ 16ರ ಹೆಸರಲ್ಲಿ ಕೇಳಿದರೂ ಸಿಗಬೇಕು, ಎರಡನ್ನೂ ಸೇರಿಸಿದ ಮೇಲೂ ನೋಡುಗಳ ಸಂಖ್ಯೆ ಒಂದೇ ಇರಬೇಕು. ಜೊತೆಗೆ ಅವತ್ತು ಬೆಳಗ್ಗೆಯ ಪ್ರಶ್ನೆಯನ್ನೂ ಇದ್ದಂಗೇ ಟೆಸ್ಟು ಮಾಡಿದೆವು: ಶಾಂತಿನಗರದಿಂದ ಕಿದ್ವಾಯಿಗೆ ದಾರಿ ಇರಬೇಕು.

ಗೆರೆ ಎಳೆಯೋದಕ್ಕೂ ಕಟ್ಟುನಿಟ್ಟು ಬಂತು. ಎರಡೂ ತುದಿಯ ಚುಕ್ಕಿ ಮೊದಲೇ ಇದ್ದರೆ ಮಾತ್ರ ಗೆರೆ, ಇಲ್ಲದಿದ್ದರೆ ಎರರ್. ಅಜ್ಜಿಯ ಪದ್ಧತಿ.

ಉತ್ತರವನ್ನೂ ಬದಲಾಯಿಸಿದೆವು. ಅಸಲಿಗೆ ನೆಟ್‌ವರ್ಕ್‌ಎಕ್ಸ್ ಈ ವಿಷಯದಲ್ಲಿ ನಮಗಿಂತ ಮರ್ಯಾದಸ್ಥ. ಹತ್ತಿರದ ದಾರಿ ಹುಡುಕು ಅಂದಾಗ, ಕೇಳಿದ ನೋಡೇ ಇಲ್ಲದಿದ್ದರೆ ಒಂದು ಎರರ್ ಕೊಡುತ್ತೆ, ನೋಡ್ ಇದ್ದು ದಾರಿ ಇಲ್ಲದಿದ್ದರೆ ಬೇರೆ ಎರರ್ ಕೊಡುತ್ತೆ. ಅವೆರಡನ್ನೂ ಸೇರಿಸಿ "ದಾರಿ ಇಲ್ಲ" ಅಂತ ಮಾಡಿದ್ದು ನಮ್ಮ ಉತ್ತರ ಬರೆಯೋ ತುಂಡು. ಈಗ ಒಂದಕ್ಕೆ "ಈ ಹೆಸರು ನಮಗೆ ಗೊತ್ತಾಗಲಿಲ್ಲ" ಅಂತ ಹೋಗುತ್ತೆ. ಇನ್ನೊಂದಕ್ಕೆ "ಜಾಗ ಗೊತ್ತಿದೆ, ಬಸ್ಸಿನ ವಿವರ ನಮ್ಮಲ್ಲಿಲ್ಲ, ಈ ನಂಬರಿಗೆ ಫೋನ್ ಮಾಡಿ" ಅಂತ.

ಒಂಟಿ ಚುಕ್ಕಿಗಳನ್ನು, ಅಂದರೆ ಒಂದು ಗೆರೆಯೂ ಇಲ್ಲದ ನೋಡುಗಳನ್ನು ಹಿಡಿಯೋಕೂ ಒಂದು ಟೆಸ್ಟ್ ಬರೆದೆವು. ತಕ್ಷಣ ಸಿಕ್ಕಿಬಿದ್ದಿದ್ದು ಲಕ್ಕಸಂದ್ರ ಮೆಟ್ರೋ. ಗುಲಾಬಿ ಮಾರ್ಗದ ಸುರಂಗ ನಿಲ್ದಾಣ. ಅವತ್ತಿಗೆ ನಕ್ಷೆಯಲ್ಲಿತ್ತು, ನೆಲದಡಿ ಕೆಲಸ ನಡೀತಿತ್ತು, ರೈಲು ಇರಲಿಲ್ಲ. ಅದು ತಪ್ಪಾ? ಅಲ್ಲ. ಇರೋದೇ ಹಾಗೆ. ಅಳಿಸೋಣ ಅಂದ ಒಬ್ಬರು, ಬೇಡ ಅಂದೆ ನಾನು. ಜನ ಕೇಳೇ ಕೇಳ್ತಾರೆ, "ಇನ್ನೂ ಶುರುವಾಗಿಲ್ಲ" ಅನ್ನೋದೂ ಒಂದು ಉತ್ತರವೇ. ಟೆಸ್ಟಿನಲ್ಲಿ ಅದಕ್ಕೊಂದು ವಿನಾಯಿತಿ ಬರೆದು, ಯಾಕೆ ಅಂತ ಪಕ್ಕದಲ್ಲಿ ಒಂದು ಸಾಲು ಹಾಕಿದೆವು.

ಇದೆಲ್ಲ ಅಕ್ಷರದ ಜಗಳ ಆಯ್ತು. ಹೆಸರಿನ ಜಗಳ ಇನ್ನೂ ಇದೆ. ಡಬಲ್ ರೋಡ್ ಅಂದರೂ ಕೆ.ಎಚ್. ರಸ್ತೆ ಅಂದರೂ ಒಂದೇ, ಅದು ಕೆಂಗಲ್ ಹನುಮಂತಯ್ಯ ಅವರ ಹೆಸರು. ನಿಮ್ಹಾನ್ಸ್ ಮುಂದಿನ ಹೊಸೂರು ರಸ್ತೆಗೆ ಡಾ. ಎಂ.ಎಚ್. ಮರಿಗೌಡ ರಸ್ತೆ ಅಂತಾರೆ, ಲಾಲ್‌ಬಾಗಿನ ಮರಿಗೌಡರು. ಡೈರಿ ಸರ್ಕಲ್ಲೋ ಡೇರಿ ಸರ್ಕಲ್ಲೋ. ಕಿದ್ವಾಯಿಯನ್ನು ಸರ್ಕಾರಿ ಕನ್ನಡದಲ್ಲಿ ಸ್ಮಾರಕ ಗಂಥಿ ಸಂಸ್ಥೆ ಅಂತಾರೆ, ಹಾಗಂತ ಕೇಳಿಕೊಂಡು ಬಂದವರನ್ನು ನಾನು ನೋಡಿಲ್ಲ. "ಕ್ಯಾನ್ಸರ್ ಆಸ್ಪತ್ರೆ" ಅಂತಲೇ ಕಳಿಸ್ತಾರೆ. ಯಾವ ನಾರ್ಮಲೈಸೂ ಇದನ್ನು ಬಗೆಹರಿಸಲ್ಲ. ಕೂತು ಪಟ್ಟಿ ಬರೀಬೇಕು, ಈ ಹೆಸರಿಗೆ ಆ ನೋಡ್ ಅಂತ. ಮೊದಲ ದಿನವೇ ಎಪ್ಪತ್ತು ದಾಟಿತು.

ನಿಮ್ಹಾನ್ಸಿಗೆ ಬಂದಾಗ ಹುಡುಗ ಕೈ ತಡೆದ. ಬಂದಿದ್ದ ಸಂದೇಶಗಳಲ್ಲಿ ಎರಡು ಮೂರು ಕಡೆ "ಹುಚ್ಚಾಸ್ಪತ್ರೆ" ಅಂತ ಇತ್ತು. ವಯಸ್ಸಾದವರು ಹಳೇ ರೂಢಿಯಲ್ಲಿ ಹಾಗೇ ಅಂತಾರೆ. ಅದನ್ನು ಪಟ್ಟಿಗೆ ಸೇರಿಸೋದು ಹೇಗೆ ಅಕ್ಕ, ನಾವೂ ಹಾಗೇ ಕರೆದಂಗೆ ಆಗಲ್ವಾ ಅಂತ ಅವನ ಸಂಕಟ. ಸೇರಿಸದಿದ್ದರೆ ಅಷ್ಟು ದೂರದಿಂದ ಮಗನನ್ನೋ ಸೊಸೆಯನ್ನೋ ಕರೆದುಕೊಂಡು ಬಂದವರಿಗೆ "ಈ ಹೆಸರು ನಮಗೆ ಗೊತ್ತಾಗಲಿಲ್ಲ" ಅಂತ ಹೋಗುತ್ತೆ. ಬಹಳ ಹೊತ್ತು ಮಾತಾಡಿದೆವು, ಎರಡು ಸುತ್ತು ಟೀ ಆಯ್ತು. ಆ ಪದದಲ್ಲಿ ಕೇಳಿದರೂ ನೋಡ್ ಸಿಗಬೇಕು, ಆದರೆ ನಾವು ಕಳಿಸೋ ಯಾವ ಉತ್ತರದಲ್ಲೂ ಆ ಪದ ಇರಬಾರದು ಅಂತ ಎರಡು ಟೆಸ್ಟ್ ಬರೆಯೋದು ಅಂತಾಯ್ತು.

ಪೈಥಾನ್ 3ರಲ್ಲಿ ಫಂಕ್ಷನ್ನಿನ ಹೆಸರನ್ನು ಕನ್ನಡದಲ್ಲಿ ಬರೆಯಬಹುದು. ಟೆಸ್ಟ್ ಅನ್ನೋ ಮುಂಬಾಲ ಒಂದು ಇಂಗ್ಲಿಷಿನಲ್ಲಿರಬೇಕು, ಇಲ್ಲದಿದ್ದರೆ ಅದು ಟೆಸ್ಟು ಅಂತ ಅದಕ್ಕೆ ಗೊತ್ತಾಗಲ್ಲ. ಹುಡುಗ ಖುಷಿಯಿಂದ "ನಿಮ್ಹಾನ್ಸ್‌_ಸಿಗಬೇಕು" ಅಂತ ಹೊಡೆದ. ಪೈಥಾನ್ ಎಗರಿಬಿತ್ತು, ಹೆಸರಿನಲ್ಲಿ ಕಣ್ಣಿಗೆ ಕಾಣದ ಅಕ್ಷರ ಇದೆ ಅಂತ. ಅದೇ ಆಸಾಮಿ, ನಿಮ್ಹಾನ್ಸಿನ ಕೊನೆಯ "ಸ್" ಪಕ್ಕ ಕೂತಿದ್ದ. ಫಂಕ್ಷನ್ನಿನ ಹೆಸರೊಳಗೆ ಬಂದರೆ ಪೈಥಾನ್ ಬಾಗಿಲಲ್ಲೇ ಹಿಡಿಯುತ್ತೆ, ಸ್ಟ್ರಿಂಗಿನೊಳಗೆ ಬಂದರೆ ಮಾತ್ರ ಬಿಟ್ಟುಕೊಳ್ಳುತ್ತೆ. ಬ್ಯಾಕ್‌ಸ್ಪೇಸ್ ಹೊಡೆದು ಅವನನ್ನು ತೆಗೆದ, ಟೆಸ್ಟು ಓಡಿಸಿದ. ಕೆಂಪು ಬಂತು, ಪಟ್ಟಿಗೆ ಆ ಪದ ಇನ್ನೂ ಸೇರಿಸಿರಲಿಲ್ಲ.